ಪಡುವಣ ಬೆಂಗಳೂರಿನಲ್ಲಿ ಗೃಹಸ್ಥಧರ್ಮ

“ವೇದೋಪನಿಷತ್ತುಗಳು ದೊಡ್ಡವು, ಸಂದೇಹವಿಲ್ಲ, ಆದರೆ ಬೆಳಗ್ಗೆ ಎಂಟು ಗಂಟೆಯ ಬಸ್ಸನ್ನು ಹಿಡಿಯಬೇಕಾದ ಸಂಸಾರಿಗೆ ಅವುಗಳಿಂದ ಆಗತಕ್ಕ ಉಪಕಾರವೇನು?” ಈ ಪ್ರಶ್ನೆ ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿಯೂ ಕಿವಿಗೆ ಬಿದ್ದಿತ್ತು, ಈಗಲೂ ಬೀಳುತ್ತಿದೆ. ಕೇಳುವವರು ನಾಸ್ತಿಕರಲ್ಲ. ದೇವರ ಮುಂದೆ ದೀಪ ಹಚ್ಚುವವರು, ಹಿರಿಯರ ತಿಥಿಯನ್ನು ಮರೆಯದವರು. ಶಾಸ್ತ್ರವು ಅವರಿಗೆ ಪೂಜ್ಯವೇ ಸರಿ. ಆದರೆ ಬೀರುವಿನಲ್ಲಿಟ್ಟ ಬೆಳ್ಳಿಯ ತಟ್ಟೆಯಂತೆ, ಹಬ್ಬ ಬಂದಾಗ ಮಾತ್ರ ಈಚೆಗೆ ಬರತಕ್ಕದ್ದು. ನಿತ್ಯದ ಊಟಕ್ಕೆ ಬೇರೆ ತಟ್ಟೆ.

ಉತ್ತರವನ್ನು ಹುಡುಕುವ ಮೊದಲು “ಸುಖ”ವೆಂಬ ಶಬ್ದವನ್ನು ಕೊಂಚ ವಿಚಾರಿಸೋಣ. ಋಗ್ವೇದದಲ್ಲಿ ಈ ಶಬ್ದವು ಪದೇ ಪದೇ ರಥಕ್ಕೆ ವಿಶೇಷಣವಾಗಿ ಬರುತ್ತದೆ. “ಖ” ಎಂದರೆ ರಂಧ್ರ. ಗಾಲಿಯ ನಡುವೆ ಅಚ್ಚು ತೂರುವ ತೂತು. ಆ ತೂತು ಚೆನ್ನಾಗಿ ಕೂಡಿದ್ದರೆ ಬಂಡಿ ಕಿರುಗುಟ್ಟದೆ, ತಿಕ್ಕಾಡದೆ ಸಾಗುತ್ತದೆ, ಅದೇ ಸುಖ. ಆದುದರಿಂದ ಸುಖವೆಂಬುದು ಎಲ್ಲಿಂದಲೋ ಕೊಂಡು ತಂದು ಮನೆಯಲ್ಲಿ ತುಂಬತಕ್ಕ ಸಾಮಾನಲ್ಲ. ನಮಗೂ ನೆರೆಹೊರೆಗೂ, ನಮಗೂ ಅನ್ನಕ್ಕೂ, ನಮಗೂ ನೀರಿಗೂ ತಿಕ್ಕಾಟವಿಲ್ಲದಂತೆ ಬಾಳುವ ಬಗೆ. ಹೀಗೆ ನೋಡಿದರೆ ಶಾಸ್ತ್ರವು ಬೆಳ್ಳಿಯ ತಟ್ಟೆಯಲ್ಲ, ಅಚ್ಚಿಗೆ ಹಾಕುವ ಕೀಲೆಣ್ಣೆ.

ಇದನ್ನು ಗ್ರಂಥಗಳ ನಡುವೆ ಕುಳಿತು ಹೇಳುವುದು ಸುಲಭ. ಊರಿನ ನಡುವೆ ನಡೆದು ನೋಡುವುದು ಹೆಚ್ಚು ಉಪಯುಕ್ತ. ಆದ್ದರಿಂದ ಒಂದು ಭಾನುವಾರ ರಾಜಾಜಿನಗರದಿಂದ ಕೆಂಗೇರಿಯವರೆಗೆ ಪಡುವಣ ಬೆಂಗಳೂರನ್ನು ನೋಡಿ ಬಂದೆವು. ಈ ಭಾಗದಲ್ಲಿ ಅರಮನೆಯಿಲ್ಲ, ಕೋಟೆಯಿಲ್ಲ, ಪರದೇಶದ ಪ್ರವಾಸಿಗರು ಚಿತ್ರ ತೆಗೆದುಕೊಳ್ಳುವ ಕಟ್ಟಡಗಳು ಹೆಚ್ಚಾಗಿಲ್ಲ. ಇದು ಗೃಹಸ್ಥರ ಬೆಂಗಳೂರು. ಮೂವತ್ತು ನಲವತ್ತಡಿಯ ನಿವೇಶನದಲ್ಲಿ ಮನೆ, ಮನೆಯ ಮುಂದೆ ತುಳಸಿಯ ಕುಂಡ, ಅದರ ಪಕ್ಕದಲ್ಲಿ ಸ್ಕೂಟರು. ಗೃಹಸ್ಥಧರ್ಮವನ್ನು ಪರೀಕ್ಷಿಸಲು ಇದಕ್ಕಿಂತ ತಕ್ಕ ಸ್ಥಳ ಯಾವುದು? ನಮ್ಮ ಸಂಗಡ, ಹಿಂದೆ ನಮ್ಮಲ್ಲಿ ಓದಿ ಈಗ ಬಸವೇಶ್ವರನಗರದಲ್ಲಿ ಸಂಸಾರ ಹೂಡಿರುವ ಶಿಷ್ಯನೊಬ್ಬನಿದ್ದನು. “ಮೇಷ್ಟ್ರೇ, ಮನೆಯಲ್ಲಿ ಎಲ್ಲ ಇದೆ, ನೆಮ್ಮದಿಯೊಂದಿಲ್ಲ. ದಿನಾ ಹೇಳಿಕೊಳ್ಳುವುದಕ್ಕೆ ಒಂದು ಶ್ಲೋಕ ಕೊಡಿ” ಎಂದು ಅವನು ಕೆಲವು ದಿನಗಳಿಂದ ಕೇಳುತ್ತಿದ್ದನು. “ಶ್ಲೋಕ ಆಮೇಲೆ, ಮೊದಲು ನಮ್ಮ ಜೊತೆಗೆ ನಡೆ ಅಪ್ಪಾ” ಎಂದು ಕರೆದುಕೊಂಡು ಹೊರಟೆವು.

ರಾಜಾಜಿನಗರದ ಹೆಸರೇ ನಮ್ಮ ವಿಷಯಕ್ಕೆ ಪೀಠಿಕೆಯಾಗಿದೆ. 1949ರ ಸುಮಾರಿಗೆ ಈ ಬಡಾವಣೆಯು ತಲೆಯೆತ್ತಿದಾಗ ಚಕ್ರವರ್ತಿ ರಾಜಗೋಪಾಲಾಚಾರ್ಯರು ಭಾರತದ ಗವರ್ನರ್ ಜನರಲ್ ಆಗಿದ್ದರು. ಅವರು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ರಾಜ್ಯದ ಅತ್ಯುನ್ನತ ಪದವಿಗೇರಿದ ಅವರು ಕುಳಿತು ಬರೆದದ್ದೇನೆಂದರೆ, ಮಕ್ಕಳಿಗೂ ಗೃಹಿಣಿಯರಿಗೂ ತಿಳಿಯುವಂತೆ ಭಾರತ ರಾಮಾಯಣಗಳ ಕಥೆಯನ್ನು. “ಕಲ್ಕಿ” ಎಂಬ ತಮಿಳು ವಾರಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದ ಆ ಬರಹಗಳು ಇಂಗ್ಲಿಷಿನಲ್ಲಿ 1951ರಲ್ಲಿ “ಮಹಾಭಾರತ”ವಾಗಿಯೂ 1957ರಲ್ಲಿ “ರಾಮಾಯಣ”ವಾಗಿಯೂ ಪ್ರಕಟವಾಗಿ ದೇಶದ ಮನೆಮನೆಯನ್ನು ಸೇರಿದವು. ನಮ್ಮ ಕನ್ನಡದಲ್ಲಿ ಡಿ.ವಿ. ಗುಂಡಪ್ಪನವರು ಗೀತೆಯ ಉಪನ್ಯಾಸಗಳನ್ನು ಪುಸ್ತಕವಾಗಿಸಿದಾಗ ಅದಕ್ಕೆ “ಜೀವನಧರ್ಮಯೋಗ”ವೆಂದು ಹೆಸರಿಟ್ಟರು. ಆ ಗ್ರಂಥಕ್ಕೆ 1967ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಶಾಸ್ತ್ರವು ಸಂನ್ಯಾಸಿಯ ಕಾವಿಯೊಳಗೆ ಮಾತ್ರವಲ್ಲ, ಸಂಸಾರಿಯ ಸೆರಗಿನಲ್ಲಿಯೂ ಇರಬೇಕೆಂಬುದು ಈ ಇಬ್ಬರು ಹಿರಿಯರ ಅಭಿಪ್ರಾಯವಾಗಿತ್ತೆಂದು ನಾವು ತಿಳಿದಿದ್ದೇವೆ.

ರಾಜಾಜಿನಗರದ ಉತ್ತರದ ತುದಿಯಲ್ಲಿ ಬಂಡೆಗಲ್ಲಿನ ಗುಡ್ಡವೊಂದಿದೆ. ಅದರ ಮೇಲಿನ ಇಸ್ಕಾನ್ ಕೃಷ್ಣಮಂದಿರವು 1997ರಲ್ಲಿ ತೆರೆಯಿತು. ಗೋಪುರಗಳ ವೈಭವವನ್ನು ಬಣ್ಣಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಮನಸ್ಸನ್ನು ಸೆಳೆದದ್ದು ಅಡಿಗೆಯ ಮನೆಯ ಕಥೆ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವುದರಿಂದ ಆರಂಭವಾದ “ಅಕ್ಷಯಪಾತ್ರ”ವು ಅನೇಕ ರಾಜ್ಯಗಳಿಗೆ ಹಬ್ಬಿ, 2024ರ ವೇಳೆಗೆ ಬಡಿಸಿದ ಊಟಗಳ ಎಣಿಕೆ 400 ಕೋಟಿಯನ್ನು ಮುಟ್ಟಿತು. ಹೆಸರು ವನಪರ್ವದ ಕಥೆಯದು. ಕಾಡುಪಾಲಾದ ಧರ್ಮರಾಯನಿಗೆ ಸೂರ್ಯನು ಕೊಟ್ಟ ತಾಮ್ರದ ಪಾತ್ರೆಯಲ್ಲಿ ಆ ದಿನದ ಅನ್ನವು ದ್ರೌಪದಿಯು ಉಣ್ಣುವವರೆಗೆ ಮುಗಿಯುತ್ತಿರಲಿಲ್ಲ. ಬಂದವರಿಗೆಲ್ಲ ಬಡಿಸಿ, ತಮ್ಮಂದಿರಿಗೆ ಬಡಿಸಿ, ಉಳಿದುದನ್ನು ಧರ್ಮರಾಯನು ಉಣ್ಣುವನು, ಕಡೆಯಲ್ಲಿ ದ್ರೌಪದಿ.

ಇಲ್ಲಿ ನಮ್ಮ ಶಿಷ್ಯನು, “ಹೆಂಗಸರು ಕಡೆಯಲ್ಲಿಯೇ ಉಣ್ಣಬೇಕೆಂಬುದಕ್ಕೆ ಇದೇ ಆಧಾರವೇ, ಮೇಷ್ಟ್ರೇ?” ಎಂದನು. ಪ್ರಶ್ನೆ ಯುಕ್ತವಾದದ್ದೇ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಗೃಹಸ್ಥನ ಊಟದ ಕ್ರಮವಿದೆ. ಆ ಗ್ರಂಥದಲ್ಲಿ ಇಂದು ಒಪ್ಪಲಾಗದ ಮಾತುಗಳು ಅನೇಕವಿವೆ. ಅವನ್ನು ಮುಚ್ಚಿಡುವುದರಿಂದ ಶಾಸ್ತ್ರದ ಗೌರವವೇನೂ ಹೆಚ್ಚದು. ಆದರೆ ಈ ಸ್ಥಳದಲ್ಲಿ ಹೇಳಿರುವುದನ್ನು ನೋಡಿರಿ: ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು, ಕುಮಾರಿಯರು, ರೋಗಿಗಳು, ಗರ್ಭಿಣಿಯರು ಇವರಿಗೆ ಅತಿಥಿಗಳಿಗಿಂತಲೂ ಮೊದಲು ಬಡಿಸಬೇಕು, ಅತಿಥಿಗಳೂ ಮನೆಯ ಆಳುಗಳೂ ಉಂಡ ಮೇಲೆ ಗಂಡಹೆಂಡಿರು ಉಣ್ಣಬೇಕು. ಅಲ್ಲಿ ಕ್ರಿಯಾಪದವು ದ್ವಿವಚನದಲ್ಲಿದೆ! ಹೆಂಡತಿ ಕಡೆಗೆ ಎಂದಲ್ಲ, ಇಬ್ಬರೂ ಕಡೆಗೆ ಎಂದು. ಯಜಮಾನನು ಮೊದಲು ಉಂಡು ಕೈತೊಳೆದು, ಅಡಿಗೆ ಮಾಡಿದವಳು ಒಲೆಯ ಬಳಿ ತಣ್ಣಗಾದ ಸಾರನ್ನು ಉಣ್ಣುವ ಪದ್ಧತಿಯನ್ನು ನಾವು ಧರ್ಮವೆಂದು ಕರೆದು ಬಂದಿದ್ದೇವೆ. ವ್ಯಾಕರಣವನ್ನು ಸರಿಯಾಗಿ ಓದಿದ್ದರೆ ಎಷ್ಟೋ ಮನೆಗಳಲ್ಲಿ ಎಷ್ಟೋ ನಿಟ್ಟುಸಿರು ತಪ್ಪುತ್ತಿತ್ತು.

ಗುಡ್ಡದಿಂದ ಇಳಿದರೆ ಅನತಿದೂರದಲ್ಲಿ, ಡಾಕ್ಟರ್ ರಾಜಕುಮಾರ್ ರಸ್ತೆಯ ಬದಿಯಲ್ಲಿ, ಆಕಾಶವನ್ನು ಮುಟ್ಟುವಂತಹ ಗಾಜಿನ ಕಟ್ಟಡಗಳೂ ದೊಡ್ಡ ಮಾಲೂ ಎದ್ದು ನಿಂತಿವೆ. ಭಾನುವಾರವಾದ್ದರಿಂದ ಜನಸಂದಣಿ ಬಹಳ. ಸುಖವನ್ನು ಅರಸಿ ಬಂದ ಸಂಸಾರಗಳು ಅಂಗಡಿಯಿಂದ ಅಂಗಡಿಗೆ ನಡೆಯುತ್ತಿದ್ದವು. ಅವರನ್ನು ಹಳಿಯಲು ನಮಗೆ ಇಷ್ಟವಿಲ್ಲ. ತೈತ್ತಿರೀಯೋಪನಿಷತ್ತೂ ಐಶ್ವರ್ಯವನ್ನು ಹಳಿಯುವುದಿಲ್ಲ. ಅದರ ಬ್ರಹ್ಮಾನಂದವಲ್ಲಿಯಲ್ಲಿ ಆನಂದದ ಲೆಕ್ಕವೊಂದುಂಟು. ಯುವಕನೂ ಸಜ್ಜನನೂ ಓದಿದವನೂ ದೃಢಕಾಯನೂ ಆದವನಿಗೆ, ಸಂಪತ್ತು ತುಂಬಿದ ಭೂಮಿಯೆಲ್ಲವೂ ದೊರೆತರೆ ಅದು ಮನುಷ್ಯಾನಂದದ ಒಂದು ಅಳತೆ. ಅದರ ನೂರರಷ್ಟು ಮನುಷ್ಯಗಂಧರ್ವರದು; ಅದರ ನೂರರಷ್ಟು ದೇವಗಂಧರ್ವರದು; ಹೀಗೆ ಹತ್ತು ಸಲ ನೂರರಿಂದ ಗುಣಿಸುತ್ತ ಹೋಗುತ್ತದೆ. ಆದರೆ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಉಪನಿಷತ್ತು ಒಂದೇ ಮಾತನ್ನು ಸೇರಿಸುತ್ತದೆ: ವೇದವನ್ನು ಬಲ್ಲ, ಕಾಮದ ಪೆಟ್ಟು ತಾಗದ ಮನುಷ್ಯನಿಗೂ ಆ ಆನಂದವೇ ಇದೆ, ಎಂದು. ಎಂದರೆ ಒಂದೊಂದು ಮೆಟ್ಟಿಲಿಗೂ ಎರಡು ದಾರಿ. ಒಂದು, ದೊರಕಿಸಿಕೊಂಡು ಏರುವುದು. ಮತ್ತೊಂದು, ಹಂಬಲವನ್ನು ಇಳಿಸಿ ಇದ್ದಲ್ಲಿಯೇ ಪಡೆಯುವುದು. ಮೊದಲನೆಯದಕ್ಕೆ ಸಾಲದ ಕಂತು ಕಟ್ಟಬೇಕು. ಈ ಲೆಕ್ಕವನ್ನು ಕೇಳಿ ಶಿಷ್ಯನು ನಕ್ಕನು. ಆದರೆ ತನ್ನ ಕಂತುಗಳು ನೆನಪಾದವೋ ಏನೋ, ಬಹಳ ಹೊತ್ತು ನಗಲಿಲ್ಲ.

ಕಾರ್ಡ್ ರೋಡನ್ನು ಹಿಡಿದು ದಕ್ಷಿಣಕ್ಕೆ ಬಂದು ಬಸವೇಶ್ವರನಗರವನ್ನು ಸೇರಿದೆವು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಶಿವನಹಳ್ಳಿ ಎಂಬ ಹಳೆಯ ಊರುಗಳ ಹೆಸರುಗಳು ಈ ಸುತ್ತಿನಲ್ಲಿ ಇನ್ನೂ ಉಳಿದಿವೆ. ಅವುಗಳ ಕೆರೆಗಳು ಉಳಿಯಲಿಲ್ಲ. ಹನ್ನೆರಡನೆಯ ಶತಮಾನದ ಬಸವಣ್ಣನವರು ಕಾಯಕವನ್ನೂ ದಾಸೋಹವನ್ನೂ ಜೊತೆಜೊತೆಯಾಗಿ ಬೋಧಿಸಿದರು: ದುಡಿದು ಗಳಿಸು, ಗಳಿಸಿದ್ದನ್ನು ಹಂಚು. ಅವರ ಹೆಸರಿನ ನಗರದ ಕಿರಿದಾದ ಅಡ್ಡರಸ್ತೆಯೊಂದರಲ್ಲಿ, ಗೇಟಿನ ಮುಂದೆ ಕಾರು ನಿಲ್ಲಿಸಿದ ವಿಷಯದಲ್ಲಿ ಇಬ್ಬರು ಗೃಹಸ್ಥರು ಬೆಳ್ಳಂಬೆಳಗ್ಗೆ ಕೂಗಾಡಿಕೊಂಡಿದ್ದರಂತೆ. ಮೂರು ತಿಂಗಳಿಂದ ಮಾತಿಲ್ಲವಂತೆ. ಅವರಲ್ಲೊಬ್ಬನು ನಮ್ಮ ಶಿಷ್ಯನೇ ಎಂಬುದು ಆಮೇಲೆ ತಿಳಿಯಿತು. ಗೀತೆಯ ಹದಿನೇಳನೆಯ ಅಧ್ಯಾಯವು ತಪಸ್ಸನ್ನು ಮೂರು ಬಗೆಯೆಂದು ವಿಂಗಡಿಸುತ್ತದಷ್ಟೆ. ಅದರಲ್ಲಿ ಮಾತಿನ ತಪಸ್ಸಿಗೆ ಹೇಳಿದ ಲಕ್ಷಣಗಳು ನಾಲ್ಕು: ಕೇಳಿದವನನ್ನು ಕೆರಳಿಸಬಾರದು; ನಿಜವಾಗಿರಬೇಕು; ಹಿತವಾಗಿರಬೇಕು; ಪ್ರಿಯವಾಗಿರಬೇಕು. “ನೀನು ಹೇಳಿದ್ದು ನಿಜವಿರಬಹುದಪ್ಪಾ. ನಾಲ್ಕರಲ್ಲಿ ಒಂದು ಲಕ್ಷಣಕ್ಕೆ ಎಷ್ಟು ಅಂಕ ಕೊಡೋಣ?” ಎಂದೆವು. ಮೇಷ್ಟರ ಹಳೆಯ ಚಾಳಿ ಎಲ್ಲಿಗೆ ಹೋದೀತು!

ಶಿಷ್ಯನ ಮನೆಯಲ್ಲಿ ಆ ದಿನ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡಿದೆವು. ದ್ವಿವಚನದ ಕಥೆ ಅಡಿಗೆಮನೆಯವರೆಗೆ ತಲುಪಿತ್ತೆಂದು ಕಾಣುತ್ತದೆ. ಊಟದ ನಡುವೆ ನೀರಿನ ಪ್ರಸ್ತಾಪ ಬಂತು. ಈ ನಗರಕ್ಕೆ ಕಾವೇರಿಯ ನೀರು ಬರತೊಡಗಿದ್ದು 1974ರಲ್ಲಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಪಂಪುಗಳ ಬಲದಿಂದ ಅದನ್ನು ಏರಿಸಿ ತರುತ್ತಾರೆ. ಐದನೆಯ ಹಂತದ ಕಾಮಗಾರಿಯು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಇದನ್ನು ಕೇಳುತ್ತಿದ್ದ ಮನೆಯಾಕೆಯು, “ಮೇಷ್ಟ್ರೇ, ನೀರು ಬರುವ ದಿನವನ್ನು ಕಾದು ಕುಳಿತಿರುತ್ತೇವೆ. ಬಂದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆಂದು ನಾನು ಈ ಮನೆಗೆ ಬಂದ ಮೇಲೆ ಒಂದು ದಿನವೂ ಕೇಳಿದವಳಲ್ಲ” ಎಂದರು. ಆ ದಿನ ನಾವು ಕೇಳಿದ ಮಾತುಗಳಲ್ಲಿ ಇದೇ ಶ್ರೇಷ್ಠವಾದದ್ದು. “ಅದನ್ನೇ ನೋಡಿ ಬರೋಣ, ಬಾ ತಾಯಿ” ಎಂದು ಮೂವರೂ ಹೊರಟೆವು.

ವಿಜಯನಗರದ ಹಾದಿಯಲ್ಲಿ ಹೆಚ್ಚು ನಿಲ್ಲಲಿಲ್ಲ. ಆದರೆ ಆ ಹೆಸರನ್ನು ಕೇಳಿದ ಸಂಸ್ಕೃತದ ವಿದ್ಯಾರ್ಥಿಗೆ ಆನೆ ಕುದುರೆಗಳಿಗಿಂತ ಮೊದಲು ಸಾಯಣಾಚಾರ್ಯರ ನೆನಪು ಬರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಬುಕ್ಕರಾಯನ ಆಶ್ರಯದಲ್ಲಿ ಅವರು ವೇದಗಳಿಗೆ ಭಾಷ್ಯ ಬರೆಯದಿದ್ದರೆ ಅನೇಕ ಮಂತ್ರಗಳ ಅರ್ಥವು ನಮಗೆ ಇಂದು ಕತ್ತಲೆಯಾಗಿಯೇ ಉಳಿಯುತ್ತಿತ್ತು. ಮುಂದೆ ಅತ್ತಿಗುಪ್ಪೆ. ಅತ್ತಿಯೆಂದರೆ ಸಂಸ್ಕೃತದ ಉದುಂಬರ. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯಲ್ಲಿ, ಕಾಡಿನಿಂದ ಊರಿಗೆ ಮರಳಲೆಳಸಿದ ರೋಹಿತನನ್ನು ಇಂದ್ರನು ವರ್ಷ ವರ್ಷವೂ ತಡೆದು, ಇನ್ನೂ ನಡೆ ಎಂದು ಹೇಳುತ್ತಾನೆ. ಕುಳಿತವನ ಭಾಗ್ಯ ಕುಳಿತಿರುತ್ತದೆ, ನಡೆಯುವವನ ಭಾಗ್ಯ ನಡೆಯುತ್ತದೆ. ನಡೆಯುವವನಿಗೇ ಜೇನು ಸಿಕ್ಕುತ್ತದೆ, ಅತ್ತಿಯ ಸಿಹಿಹಣ್ಣೂ ಅವನಿಗೇ. ದಣಿಯದೆ ತಿರುಗುವ ಸೂರ್ಯನನ್ನು ನೋಡು, ಎಂಬುದು ಆ ಉಪದೇಶದ ಸಾರ. ವೈದ್ಯರು ಈಗ ಹಣ ತೆಗೆದುಕೊಂಡು ಹೇಳುವುದೂ ಇದನ್ನೇ.

ಅತ್ತಿಗುಪ್ಪೆಯಲ್ಲಿ ಮೆಟ್ರೋ ರೈಲನ್ನು ಹತ್ತಿದೆವು. ಈ ಮಾರ್ಗವು 2015ರ ನವೆಂಬರಿನಲ್ಲಿ ಮೈಸೂರು ರಸ್ತೆಯವರೆಗೂ 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೂ ತೆರೆಯಿತು. ರೈಲು ನೆಲದಿಂದ ಎತ್ತರದಲ್ಲಿ ಸಾಗುವುದರಿಂದ ಕೆಳಗಿನದೆಲ್ಲ ಚೆನ್ನಾಗಿ ಕಾಣುತ್ತದೆ. ಮೈಸೂರು ರಸ್ತೆಯ ನಿಲ್ದಾಣದ ಬಳಿ, ಕಲ್ಲುಗೋಡೆಗಳ ನಡುವೆ, ಕಪ್ಪಗೆ ನೊರೆಗಟ್ಟಿ ಹರಿಯುವುದೊಂದು ಕಂಡಿತು. “ಇದೇನು ಮೋರಿ?” ಎಂದು ಶಿಷ್ಯನ ಹೆಂಡತಿ ಕೇಳಿದರು. ಮೋರಿಯಲ್ಲ ತಾಯಿ, ಅದು ವೃಷಭಾವತಿ, ನದಿ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿದಳೆಂಬ ನಂಬಿಕೆಯಿಂದ ಅವಳಿಗೆ ಆ ಹೆಸರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯನ್ನು ವ್ಯಾಸರಾಯರು ಸ್ಥಾಪಿಸಿದರೆಂದು ಪ್ರತೀತಿಯುಂಟು. ಅದು ನದಿಯ ಸಂಗಮಸ್ಥಾನವೆಂದೂ ಹೇಳುತ್ತಾರೆ. ಮಿಂದು ಮಡಿಯಾಗಲು ನೀರು ಬೇಕೆಂದೇ ಹಿಂದಿನವರು ಗುಡಿಗಳನ್ನು ಹೊಳೆಯ ದಡದಲ್ಲಿ ಕಟ್ಟುತ್ತಿದ್ದರು. ಇಂದು ಜೋರುಮಳೆ ಬಂದಾಗ ಅದೇ ಹೊಳೆಯ ಕೊಳಚೆಯು ಗುಡಿಯೊಳಗೆ ನುಗ್ಗಿದ್ದುಂಟು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಇಳಿಜಾರೆಲ್ಲ ಈ ಕಣಿವೆಗೇ. ಬಚ್ಚಲ ನೀರನ್ನು ಶುದ್ಧಮಾಡುವ ಘಟಕಗಳು ಇದ್ದರೂ, ಅಲ್ಲಿಗೆ ಮುಟ್ಟದೆ ಮಳೆಯ ಕಾಲುವೆಗೆ ಸೇರಿಕೊಂಡದ್ದೆಲ್ಲ ನೇರವಾಗಿ ಹೊಳೆಯ ಪಾಲು. ಕಾರ್ಖಾನೆಗಳ ರಾಸಾಯನಿಕವೂ ಅದರಲ್ಲಿ ಬೆರೆಯುತ್ತದೆ.

ಇಲ್ಲಿ ಶಾಸ್ತ್ರವು ಏನೆನ್ನುತ್ತದೆ? ಭಾನುವಾರಗಳಲ್ಲಿಯೂ ರಥಸಪ್ತಮಿಯಂದೂ ಸೂರ್ಯನಮಸ್ಕಾರದೊಡನೆ ಹೇಳುವ ಅರುಣಪ್ರಶ್ನವನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಅದು ತೈತ್ತಿರೀಯ ಆರಣ್ಯಕದ ಮೊದಲನೆಯ ಭಾಗ. ಸಾಯಣರ ಭಾಷ್ಯ ಅದಕ್ಕೂ ಉಂಟು. ಅದರ ಕಡೆಕಡೆಗೆ ವ್ರತಗಳನ್ನು ಹೇಳುವ ಸ್ಥಳದಲ್ಲಿ, ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು ಎಂದು ಸ್ಪಷ್ಟವಾಗಿ ವಿಧಿಸಿದೆ. ನೀರಿನೊಳಗೆ ಅಗ್ನಿಯು ಅಡಗಿರುವನೆಂಬುದು ಅಲ್ಲಿ ಕೊಟ್ಟಿರುವ ಕಾರಣ. ಆ ವ್ರತವು ಯಜ್ಞವೊಂದನ್ನು ಕೈಕೊಂಡವನಿಗೆ ಸಂಬಂಧಿಸಿದ್ದು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಅದೇ ಮಾತು ಗೃಹಸ್ಥನಿಗೂ ಬಂದಿದೆ. ಬೆಳಗ್ಗೆ ಈ ಮಂತ್ರವನ್ನು ಸ್ವರದೊಡನೆ ಹೇಳಿ, ಹತ್ತು ಗಂಟೆಗೆ ಕರಿದ ಎಣ್ಣೆಯನ್ನು ಬಚ್ಚಲಿಗೆ ಸುರಿದರೆ ಉಚ್ಚಾರಣೆ ಶುದ್ಧವಾಗಿದ್ದು ಫಲವೇನು?

ಕೆಂಗೇರಿಯಲ್ಲಿ ಇಳಿದು ಹೊಳೆಯ ಸೇತುವೆಯ ಮೇಲೆ ನಿಂತೆವು. ಮೂಗಿಗೆ ಸೆರಗನ್ನೂ ಕರವಸ್ತ್ರವನ್ನೂ ಒತ್ತಿಕೊಳ್ಳದೆ ನಿಲ್ಲುವಂತಿಲ್ಲ. ನಾವು ನಿಂತಿದ್ದಾಗಲೇ, ಹಣೆಯಲ್ಲಿ ಕುಂಕುಮವಿಟ್ಟ ಸಭ್ಯಗೃಹಸ್ಥರೊಬ್ಬರು ಬಂಡಿಯನ್ನು ನಿಲ್ಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಪೂಜೆಯ ನಿರ್ಮಾಲ್ಯವನ್ನು ಕಣ್ಣಿಗೊತ್ತಿಕೊಂಡು ಕೆಳಗೆ ಬಿಟ್ಟು, ಕೈಮುಗಿದು ಹೋದರು. ಅವರು ಅಧರ್ಮಿಗಳಲ್ಲ. ಬಾಡಿದ ಹೂವು ಕಾಲಿಗೆ ಸಿಕ್ಕಬಾರದು, ಹರಿಯುವ ನೀರಿಗೆ ಸೇರಬೇಕೆಂಬ ಹಿರಿಯರ ಮಾತನ್ನು ಪಾಲಿಸಿದವರು. ಆದರೆ ಆ ಮಾತು ಹುಟ್ಟಿದಾಗ ಹೂವು ಬಾಳೆಯೆಲೆಯಲ್ಲಿತ್ತು, ನೀರು ತಿಳಿಯಾಗಿತ್ತು. ಆಚಾರವನ್ನು ಉಳಿಸಿಕೊಂಡು ಅದರ ಕಾರಣವನ್ನು ಕಳೆದುಕೊಂಡರೆ ಹೀಗಾಗುತ್ತದೆ. ಬೈಗುಳದಿಂದ ಇದು ತಿದ್ದುವುದಿಲ್ಲ; ಕಾರಣವನ್ನು ಮತ್ತೆ ತಿಳಿಸಬೇಕು.

ಇಲ್ಲಿಂದ ಮುಂದೆ ಹೊಳೆಯು ಬಿಡದಿಯ ಕಡೆಯ ಬೈರಮಂಗಲದ ಕೆರೆಯನ್ನು ಸೇರುತ್ತದೆ. ಆ ಕೆರೆಯನ್ನು ನಂಬಿದ ರೈತರು ಈ ನೀರನ್ನೇ ಹೊಲಕ್ಕೆ ಹಾಯಿಸಬೇಕಾಗಿ ಬಂತು. ಆ ಭಾಗದ ಮಣ್ಣಿನಲ್ಲಿಯೂ ತರಕಾರಿಯಲ್ಲಿಯೂ ಸೇರಬಾರದ ಲೋಹಗಳಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಬಳಿಕ ಅರ್ಕಾವತಿ; ಕನಕಪುರದಾಚೆ ಸಂಗಮದಲ್ಲಿ ಕಾವೇರಿ. ನೋಡಿರಿ, ಕಾವೇರಿಯಿಂದ ನೂರು ಕಿಲೋಮೀಟರ್ ಎತ್ತಿ ತಂದ ತಿಳಿನೀರನ್ನು ನಾವು ಕಾವೇರಿಗೇ ಹಿಂದಿರುಗಿಸುತ್ತೇವೆ; ಆದರೆ ಯಾವ ರೂಪದಲ್ಲಿ! ದೇವತೆಗಳು ಕೊಟ್ಟದ್ದನ್ನು ಹಿಂದಿರುಗಿಸದೆ ಭೋಗಿಸುವವನನ್ನು ಗೀತೆಯ ಮೂರನೆಯ ಅಧ್ಯಾಯವು ಕಳ್ಳನೆಂದು ಕರೆಯುತ್ತದೆ. ತಿಳಿಯಾಗಿ ತೆಗೆದುಕೊಂಡು ಕೆಡಿಸಿ ಹಿಂದಿರುಗಿಸುವವನನ್ನು ಏನೆಂದು ಕರೆಯಬೇಕೋ, ಆ ಶಬ್ದ ನಮ್ಮ ಕೋಶದಲ್ಲಿ ದೊರೆಯಲಿಲ್ಲ.

ಶಿಷ್ಯನು ಬಹಳ ಹೊತ್ತು ಸುಮ್ಮನಿದ್ದು, “ಒಬ್ಬ ಸಂಸಾರಿಯಿಂದ ಏನಾದೀತು, ಮೇಷ್ಟ್ರೇ? ಕಾರ್ಖಾನೆಯವರಿದ್ದಾರೆ, ಸರ್ಕಾರವಿದೆ” ಎಂದನು. ನಿಜ, ದೊಡ್ಡ ಕೆಲಸ ಸರ್ಕಾರದ್ದೇ, ಅದನ್ನು ಕೇಳುವುದು ಪ್ರಜೆಯ ಹಕ್ಕು. ಆದರೆ ತೈತ್ತಿರೀಯದ ಭೃಗುವಲ್ಲಿಯು ಬ್ರಹ್ಮವಿದ್ಯೆಯನ್ನು ಹೇಳಿ ಮುಗಿಸಿದ ಮೇಲೆ ಕೊಟ್ಟದ್ದು ಸಣ್ಣ ಸಣ್ಣ ವ್ರತಗಳನ್ನು: ಅನ್ನವನ್ನು ಹಳಿಯಬೇಡ, ಚೆಲ್ಲಬೇಡ, ಹೆಚ್ಚಾಗಿ ಬೆಳೆ, ಆಶ್ರಯ ಕೇಳಿ ಬಂದವನನ್ನು ಹಿಂದಕ್ಕೆ ಕಳಿಸಬೇಡ. ಅಷ್ಟೆತ್ತರಕ್ಕೆ ಏರಿದ ಋಷಿಯು ಅಡಿಗೆಯ ಮನೆಗೆ ಇಳಿದು ಬಂದನೆಂದರೆ, ಜ್ಞಾನದ ಗುರುತು ಅಲ್ಲಿಯೇ ಕಾಣಬೇಕೆಂದು ಅರ್ಥ.

ಆ ಮಾದರಿಯಲ್ಲಿಯೇ ಪಡುವಣ ಬೆಂಗಳೂರಿನ ಗೃಹಸ್ಥನಿಗೆ ಆರು ವ್ರತಗಳನ್ನು ಸೂಚಿಸುತ್ತೇವೆ. ಕರಿದ ಎಣ್ಣೆಯನ್ನು ಬಚ್ಚಲಿಗೆ ಸುರಿಯದೆ ಬೇರೆ ಶೀಸೆಯಲ್ಲಿ ಕೂಡಿಸಿಡುವುದು. ಸೋಪಿನ ಪುಡಿಯನ್ನು ಬೇಕಾದಷ್ಟೇ ಬಳಸುವುದು, ಏಕೆಂದರೆ ಹೊಳೆಯ ನೊರೆಯಲ್ಲಿ ಅದರ ಪಾಲೂ ಇದೆ. ನಿರ್ಮಾಲ್ಯವನ್ನೂ ತರಕಾರಿಯ ಸಿಪ್ಪೆಯನ್ನೂ ಗೊಬ್ಬರಮಾಡಿ ತುಳಸಿಯ ಬುಡಕ್ಕೆ ಹಾಕುವುದು. ದೇವರಿಗೆ ಏರಿಸಿದ ಹೂವಿಗೆ ಅದಕ್ಕಿಂತ ಸದ್ಗತಿಯಿಲ್ಲ. ಗೌರಿಗಣೇಶರನ್ನು ಬಣ್ಣವಿಲ್ಲದ ಜೇಡಿಮಣ್ಣಿನಲ್ಲಿ ತಂದು ಮನೆಯ ಬಕೆಟ್ಟಿನಲ್ಲಿಯೇ ಬಿಡುವುದು. 2009ರಲ್ಲಿ ಈ ನಗರದಲ್ಲಿ ಕಡ್ಡಾಯವಾದ ಮಳೆನೀರಿನ ಕೊಯ್ಲನ್ನು ದಂಡದ ಭಯದಿಂದಲ್ಲದೆ ಮನಸ್ಸಿಟ್ಟು ಮಾಡುವುದು. ಕಡೆಯದಾಗಿ, ಬಾಯಿಂದ ಹೊರಡುವ ಮಾತನ್ನೂ ಬಚ್ಚಲಿನಿಂದ ಹೊರಡುವ ನೀರಿನಂತೆಯೇ ಎಣಿಸುವುದು. ಅದೂ ಇಳಿಜಾರಿನಲ್ಲಿ ಹರಿದು ಯಾರೋ ಒಬ್ಬರ ಮನೆಯನ್ನು ಮುಟ್ಟುತ್ತದೆ.

ಇವುಗಳಿಂದ ನಾಳೆಯೇ ವೃಷಭಾವತಿ ತಿಳಿಯಾಗುವಳೆಂದು ನಾವು ಹೇಳಲಾರೆವು. ಆದರೆ ಈ ಕೆಲಸಗಳನ್ನು ಗಂಡಹೆಂಡಿರು ಮಕ್ಕಳು ಕೂಡಿ ಮಾಡುವ ಮನೆಯಲ್ಲಿ ಬಂಡಿಯ ಕಿರುಗುಟ್ಟುವಿಕೆ ಕಡಮೆಯಾಗುವುದೆಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆವು. ತನ್ನ ಮನೆಗೆ ಏನು ಬಂತೆಂದು ಎಣಿಸುವವನಿಗೆ ಎಂದಿಗೂ ಸಾಲದು. ತನ್ನ ಮನೆಯಿಂದ ಏನು ಹೊರಟಿತೆಂದು ನೋಡಿಕೊಳ್ಳುವವನಿಗೆ ನೆಮ್ಮದಿಯು ಹುಡುಕದೆಯೇ ಬರುತ್ತದೆ. ಶ್ರುತಿಸ್ಮೃತಿಗಳು ಗೃಹಸ್ಥನಿಗೆ ಹೇಳಿದ ಸುಖದ ದಾರಿ ಇಷ್ಟೇ. ವಾಚಕಮಹಾಶಯರೂ ಒಂದು ಭಾನುವಾರ ಮನೆಮಂದಿಯೊಡನೆ ತಮ್ಮ ತಮ್ಮ ಊರಿನ ನೀರು ಹೋಗುವ ದಾರಿಯನ್ನು ಹಿಡಿದು ನಡೆದು ನೋಡಲಿ. ಪಾರಾಯಣಕ್ಕಿಂತ ಕಡಮೆಯಾದ ಪುಣ್ಯವೇನೂ ಅದರಲ್ಲಿ ಇಲ್ಲ.